ಕರುವಿನ ಮೂಗು

ಕತ್ತು, ಭುಜ, ಬೆನ್ನಿಗೆ ಒಟ್ಟು ಹನ್ನೊಂದು ಸೂಜಿ ಚುಚ್ಚಿಸಿಕೊಂಡು ಮಕಾಡೆ ಮಲಗಿರುವಾಗ ಆಫೀಸಿನಿಂದ ಫೋನ್ ಬಂದರೆ ಏನು ಮಾಡಬಹುದು? ಏನೂ ಮಾಡೋಕಾಗಲ್ಲ. ಇದು ನನಗೆ ಗೊತ್ತಾಗಿದ್ದು ಸಿಂಗಪುರದ ತೋಆ ಪಾಯೋದಲ್ಲಿ, ಹೌಸಿಂಗ್ ಬೋರ್ಡಿನ ಒಂದು ಹಳೇ ಕಟ್ಟಡದ ಕೆಳಮಹಡಿಯಲ್ಲಿರೋ ಪುಟ್ಟ ಚೀನೀ ವೈದ್ಯದ ಕ್ಲಿನಿಕ್ಕಿನಲ್ಲಿ. ಕುರ್ಚಿ ಮೇಲಿಟ್ಟಿದ್ದ ಫೋನು ಗುರ್ ಗುರ್ ಅಂತ ಆರು ಸಲ ಅತ್ತು ತಾನಾಗೇ ಸುಮ್ಮನಾಯಿತು. ಎಚ್ಚರವಾಗಿದ್ದೂ ಇಪ್ಪತ್ತೈದು ನಿಮಿಷ ಯಾರಿಗೂ ಉತ್ತರ ಕೊಡದೆ ಇದ್ದದ್ದು ಆ ವರ್ಷದಲ್ಲಿ ಅದೇ ಮೊದಲು ಅನ್ಸುತ್ತೆ.

ನಾನು ಅಲ್ಲಿಗೆ ಹೋಗಿದ್ದು ನಂಬಿಕೆ ಇಟ್ಟುಕೊಂಡೇನಲ್ಲ. ನನ್ನ ಕೆಲಸವೇ ನಂಬದೆ ಇರೋದು. ಒಂದು ಆಪ್ ಕಂಪನಿಯಲ್ಲಿ ಎ/ಬಿ ಟೆಸ್ಟಿಂಗ್ ಮಾಡ್ತೀನಿ. ಅರ್ಧ ಜನಕ್ಕೆ ಹಸಿರು ಬಟನ್, ಇನ್ನರ್ಧ ಜನಕ್ಕೆ ನೀಲಿ ಬಟನ್ ತೋರಿಸಿ ಯಾವುದನ್ನ ಜಾಸ್ತಿ ಒತ್ತಿದರು ಅಂತ ಲೆಕ್ಕ ಹಾಕೋದು. ಮೀಟಿಂಗಿನಲ್ಲಿ ಯಾರಾದರೂ "ಹಸಿರೇ ಚೆನ್ನಾಗಿದೆ ಅನ್ಸುತ್ತೆ" ಅಂದರೆ "ಡೇಟಾ ಎಲ್ಲಿ?" ಅಂತ ಕೇಳೋದಕ್ಕೆ ನನಗೆ ಸಂಬಳ. ಅಂಥವಳು ಸೂಜಿಯ ಕೆಳಗೆ ಮಲಗಿದ್ದು ಬೇರೆ ದಾರಿ ಕಾಣದೆ.

ತಲೆನೋವು. ಕತ್ತಿನ ಬುಡದಲ್ಲಿ ಹಿಡಿದು, ಕಿವಿ ಹಿಂದಿನಿಂದ ಹತ್ತಿ, ಹುಬ್ಬಿನವರೆಗೆ ಬಂದು ಕೂರುವ ತಲೆನೋವು. ಲ್ಯಾಪ್‌ಟಾಪ್ ಮುಂದೆ ಹತ್ತು ಗಂಟೆ ಕೂರೋರಿಗೆ ಇದನ್ನ ವಿವರಿಸಬೇಕಿಲ್ಲ. ವಾರಕ್ಕೊಂದು ಮಾತ್ರೆ ಇದ್ದದ್ದು ಎರಡಾಯಿತು, ಆಮೇಲೆ ಹೆಚ್ಚುಕಮ್ಮಿ ದಿನಕ್ಕೊಂದು. ಕೊನೆಗೆ ತೋರಿಸಿದ ಡಾಕ್ಟರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಒಂದು ವಿಷಯ ಹೇಳಿದರು. ತಿಂಗಳಿಗೆ ಹದಿನೈದು ದಿನ, ಮೂರು ತಿಂಗಳಿಗಿಂತ ಜಾಸ್ತಿ ಹೀಗೆ ಸಾಮಾನ್ಯ ನೋವಿನ ಮಾತ್ರೆ ತಿಂದರೆ ಆ ಮಾತ್ರೆಯಿಂದಲೇ ತಲೆನೋವು ಬರೋಕೆ ಶುರುವಾಗುತ್ತಂತೆ. ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ. ಮಾತ್ರೆ ನಿಲ್ಲಿಸಿ, ಮೊದಲ ಎರಡು ವಾರ ನರಕ, ಆಮೇಲೆ ಸರಿಹೋಗುತ್ತೆ ಅಂದರು. ಆ ಎರಡು ವಾರ ಕಳೆಯೋಕೆ ಏನಾದರೂ ಬೇಕಿತ್ತು. ಪಕ್ಕದ ಸೀಟಿನ ಹುಡುಗಿ "ಟಿಸಿಎಂ ಟ್ರೈ ಮಾಡು, ನಮ್ಮಮ್ಮ ಎಲ್ಲದಕ್ಕೂ ಅಲ್ಲಿಗೇ ಹೋಗೋದು" ಅಂದಳು. ಟಿಸಿಎಂ ಅಂದ್ರೆ ಟ್ರೆಡಿಷನಲ್ ಚೈನೀಸ್ ಮೆಡಿಸಿನ್. ಇಲ್ಲಿ ಅದು ಗಲ್ಲಿಯ ಗುಟ್ಟಿನ ವ್ಯವಹಾರವಲ್ಲ. 2000ದಲ್ಲಿ ಅದಕ್ಕೊಂದು ಕಾಯಿದೆ ಬಂದು, ಓದಿ ನೋಂದಣಿ ಮಾಡಿಸಿಕೊಂಡವರೇ ಸೂಜಿ ಹಿಡಿಯಬೇಕು ಅಂತಾಗಿದೆ. ಗೋಡೆ ಮೇಲೆ ಸರ್ಟಿಫಿಕೇಟ್ ತೂಗುಹಾಕಿರ್ತಾರೆ. ನಾನು ಒಳಗೆ ಹೋದ ತಕ್ಷಣ ನೋಡಿದ್ದೂ ಅದನ್ನೇ.

ವೈದ್ಯೆ ಅರವತ್ತರ ಆಸುಪಾಸಿನ ಹೆಂಗಸು. ಕುಳ್ಳಗೆ, ಕನ್ನಡಕ ಹಣೆ ಮೇಲೆ. ತಲೆನೋವಿಗೆ ಅಂತ ಬಂದವಳನ್ನ ಏನೇನು ಕೇಳಬಹುದು? ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ, ಕನಸು ಬೀಳುತ್ತಾ, ಕೈಕಾಲು ತಣ್ಣಗಿರುತ್ತಾ, ತಣ್ಣೀರು ಇಷ್ಟವೋ ಬಿಸಿನೀರೋ, ಮುಟ್ಟು ಸರಿಯಾಗಿ ಆಗುತ್ತಾ, ಹೊಟ್ಟೆ ಹೇಗಿದೆ, ಬೆಳಿಗ್ಗೆ ಏನು ತಿಂದೆ. "ಏನೂ ತಿಂದಿಲ್ಲ, ಐಸ್ ಕಾಫಿ" ಅಂದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ತಿಪಟೂರಿನ ನಮ್ಮಜ್ಜಿ ಬದುಕಿದ್ದರೆ ಹೀಗೇ ನೋಡ್ತಿದ್ದರು. ನಾಲಿಗೆ ಚಾಚು ಅಂದರು. ಎರಡೂ ಮಣಿಕಟ್ಟಿನ ನಾಡಿಯನ್ನ ಮೂರು ಮೂರು ಬೆರಳಿಟ್ಟು, ಏನೋ ಕೇಳಿಸಿಕೊಳ್ಳುವವರ ಹಾಗೆ ತಲೆ ವಾಲಿಸಿ ಹಿಡಿದು ಕೂತರು. ಬೆಂಗಳೂರಲ್ಲಾಗಲಿ ಇಲ್ಲಾಗಲಿ, ಒಬ್ಬ ಡಾಕ್ಟರು ನನ್ನ ಕೈಯನ್ನ ಅಷ್ಟು ಹೊತ್ತು ಹಿಡಿದದ್ದು ನೆನಪಿಲ್ಲ.

ಸೂಜಿ ಬಗ್ಗೆ ಎಲ್ಲರೂ ಕೇಳೋದು ಒಂದೇ: ನೋವಾಗುತ್ತಾ? ಇಂಜೆಕ್ಷನ್ ಸೂಜಿ ತರಹ ಇದು ಟೊಳ್ಳಲ್ಲ. ಕೂದಲಿಗಿಂತ ಸ್ವಲ್ಪ ದಪ್ಪ, ಕಾಲು ಮಿಲಿಮೀಟರಿನಷ್ಟು. ಒಂದು ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಬೆರಳಿಂದ ಟಕ್ ಅಂತ ತಟ್ಟಿದರೆ ಮುಗೀತು. ಒಂದು ಸಲ ಬಳಸಿ ಬಿಸಾಡುತ್ತಾರೆ. ಪ್ಯಾಕೆಟ್ ನಿಮ್ಮೆದುರೇ ಒಡೆಯದಿದ್ದರೆ ಎದ್ದು ಬನ್ನಿ. ಚುಚ್ಚಿದ್ದು ಗೊತ್ತಾಗಲ್ಲ, ಗೊತ್ತಾಗೋದು ಆಮೇಲೆ. ಅವರು ಸೂಜಿಯನ್ನ ಮೆಲ್ಲಗೆ ತಿರುಗಿಸ್ತಾರೆ. ಒಳಗೆಲ್ಲೋ ಆಳದಲ್ಲಿ ಯಾರೋ ಹಗ್ಗ ಎಳೆದ ಹಾಗೆ ಆಗುತ್ತೆ. ಇದಕ್ಕೆ ಚೀನಿಯಲ್ಲಿ 'ದ-ಚಿ' ಅಂತಾರೆ, ಚಿ ಬಂತು, ಪ್ರಾಣಶಕ್ತಿ ಸಿಕ್ಕಿತು ಅಂತ. ಅದು ಹೇಗಿರುತ್ತೆ ಅನ್ನೋದಕ್ಕೆ ಅವರಲ್ಲಿ ನಾಲ್ಕು ಮಾತಿದೆ. ನಮ್ಮಲ್ಲಿ ಹೇಳೋದಾದರೆ ಸೆಳೆತ, ಜೋಮು, ಬಿಗಿ, ಭಾರ. ಅದರಲ್ಲಿ ಸೆಳೆತಕ್ಕೆ ಬಳಸೋ ಪದದ ನೇರ ಅರ್ಥ 'ಹುಳಿ'. ಕಾಲು ಹುಳಿಯಾಗಿದೆ ಅಂದ್ರೆ ಕಾಲು ಸೆಳೀತಿದೆ ಅಂತ. ಇದು ನನಗೆ ಭಾರೀ ಇಷ್ಟವಾಯ್ತು.

ತಲೆನೋವು ಒಂದೂವರೆ ತಿಂಗಳಲ್ಲಿ ಇಳಿಯಿತು. ಮಾತ್ರೆ ಬಿಟ್ಟಿದ್ದಕ್ಕೋ, ಸೂಜಿಗೋ, ಐಸ್ ಕಾಫಿ ಬಿಟ್ಟು ಬಿಸಿ ಗಂಜಿ ಕುಡಿದದ್ದಕ್ಕೋ, ಹನ್ನೊಂದಕ್ಕೆ ಮಲಗಿದ್ದಕ್ಕೋ? ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿ ಯಾವುದು ಕೆಲಸ ಮಾಡಿತು ಅಂತ ಕೇಳುವ ಜೂನಿಯರ್ ಹುಡುಗರಿಗೆ ನಾನು ಬೈಯ್ತೀನಿ. ಇಲ್ಲಿ ನಾನೇ ಆ ಜೂನಿಯರ್.

ಬುದ್ಧಿ ಸುಮ್ಮನಿರುತ್ತಾ? ಓದೋಕೆ ಕೂತೆ. ಅಕ್ಯುಪಂಕ್ಚರ್ ಅನ್ನೋ ಮಾತು ಅಮೆರಿಕದ ಮನೆಮನೆಗೆ ತಲುಪಿದ್ದು ಒಂದು ಅಪೆಂಡಿಸೈಟಿಸ್‌ನಿಂದ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ 1971ರ ಜುಲೈನಲ್ಲಿ ಬೀಜಿಂಗಿಗೆ ಹೋಗಿದ್ದಾಗ ಆಪರೇಷನ್ ಆಯಿತು. ಆಪರೇಷನ್ನಿಗೆ ಕೊಟ್ಟಿದ್ದು ಮಾಮೂಲಿ ಅರಿವಳಿಕೆ ಮದ್ದೇ. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆ ಉಬ್ಬರಕ್ಕೆ. ಆತ ಅದನ್ನ ಹಾಗೇ ನೇರವಾಗಿ ಬರೆದಿದ್ದ. ಓದಿದವರ ಬಾಯಲ್ಲಿ ಮಾತ್ರ ಅದು "ಸೂಜಿ ಚುಚ್ಚಿ, ಎಚ್ಚರ ಇರುವಾಗಲೇ ಹೊಟ್ಟೆ ಕೊಯ್ದರು" ಅಂತಾಯಿತು. ನಮ್ಮ ದೇಶಕ್ಕೆ ಇದು ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಚೀನಾಕ್ಕೆ ಹೋದ ಐದು ಜನ ಭಾರತೀಯ ವೈದ್ಯರಲ್ಲಿ ಸೋಲಾಪುರದ ಡಾ. ಕೋಟ್ನಿಸ್ ಹೆಸರು ಎಲ್ಲರಿಗೂ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು ಮುಂದೆ ಚೀನಾದಲ್ಲೇ ಈ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಶುರುಮಾಡಿದರು.

ಆದರೆ ನನಗೆ ಬೇಕಿದ್ದದ್ದು ಎ/ಬಿ ಟೆಸ್ಟ್. ಅದೂ ಸಿಕ್ಕಿತು. ಜರ್ಮನಿಯಲ್ಲಿ ಮೊಣಕಾಲು ಸವೆದು ನೋವು ತಿನ್ನುತ್ತಿದ್ದ 1007 ಜನರನ್ನ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಚೀನೀ ಶಾಸ್ತ್ರ ಹೇಳಿದ ಜಾಗದಲ್ಲೇ ಸೂಜಿ. ಎರಡನೇ ಗುಂಪಿಗೆ ಸುಳ್ಳು ಸೂಜಿ. ಶಾಸ್ತ್ರದಲ್ಲಿಲ್ಲದ ಜಾಗದಲ್ಲಿ, ಮೇಲುಮೇಲೆ ಚುಚ್ಚೋದು. ಯಾವುದು ಅಸಲಿ ಯಾವುದು ನಕಲಿ ಅಂತ ರೋಗಿಗೆ ಹೇಳಲ್ಲ. ಮೂರನೇ ಗುಂಪಿಗೆ ಸೂಜಿ ಇಲ್ಲ, ಡಾಕ್ಟರ ಭೇಟಿ, ಮಾತ್ರೆ. ಫಿಸಿಯೋಥೆರಪಿ ಮೂವರಿಗೂ ಇತ್ತು. ಆರು ತಿಂಗಳಾದ ಮೇಲೆ ಸುಧಾರಿಸಿದವರು ಎಷ್ಟು? ಅಸಲಿ ಸೂಜಿಯವರಲ್ಲಿ ಶೇ. 53.1. ಸುಳ್ಳು ಸೂಜಿಯವರಲ್ಲಿ ಶೇ. 51. ಸೂಜಿಯೇ ಇಲ್ಲದವರಲ್ಲಿ ಶೇ. 29.1. ಪ್ರಕಟವಾಗಿದ್ದು 2006ರಲ್ಲಿ.

ಈ ಮೂರು ಅಂಕಿಯನ್ನ ನಾನು ಎಷ್ಟು ಸಲ ನೋಡಿದೆನೋ. ಆಫೀಸಿನಲ್ಲಾಗಿದ್ದರೆ "ಹಸಿರು, ನೀಲಿ ಎರಡೂ ಒಂದೇ" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡ್ತಿದ್ದೆ. ಆದರೆ ಬಟನ್ನೇ ಇಲ್ಲದವರಿಗಿಂತ ಇಬ್ಬರೂ ಅಷ್ಟು ಮುಂದಿದ್ದಾರಲ್ಲ, ಅದನ್ನ ಏನಂತ ಬರೆಯೋದು? ಎಲ್ಲಿ ಚುಚ್ಚಬೇಕು ಅನ್ನೋ ನಕ್ಷೆ, ಅದರ 361 ಬಿಂದು, ಎರಡು ಸಾವಿರ ವರ್ಷದ ಶಾಸ್ತ್ರ, ಇದಕ್ಕೆಲ್ಲ ಹೆಚ್ಚು ಕಿಮ್ಮತ್ತು ಸಿಗಲಿಲ್ಲ. ಚುಚ್ಚಿಸಿಕೊಂಡವರಿಗೆ ಮಾತ್ರ ನೋವು ಕಡಿಮೆಯಾಯಿತು. ಜರ್ಮನಿಯ ವಿಮೆಯವರು ತಲೆಕೆಡಿಸಿಕೊಳ್ಳಲಿಲ್ಲ. ಮೊಣಕಾಲಿಗೂ ಸೊಂಟನೋವಿಗೂ ಅಕ್ಯುಪಂಕ್ಚರಿನ ಖರ್ಚು 2007ರಿಂದ ಕೊಡ್ತಿದ್ದಾರೆ. ನಾನೂ ತಲೆಕೆಡಿಸಿಕೊಳ್ಳದೆ ತಿಂಗಳಿಗೊಂದು ಸಲ ಹೋಗಿಬರ್ತಿದ್ದೆ.

ಆಮೇಲೆ ಅಮ್ಮ ಬಂದಳು.

ಅಮ್ಮನಿಗೆ ಅರವತ್ತಾರು. ಎರಡೂ ಮೊಣಕಾಲು ನೋವು, ಬಲಗಾಲು ಜಾಸ್ತಿ. ನೆಲದ ಮೇಲೆ ಕೂತು ಪೂಜೆ ಮಾಡೋದು ನಿಂತು ಮೂರು ವರ್ಷವಾಗಿತ್ತು. ಮಹಡಿ ಮೆಟ್ಟಿಲು ಇಳಿಯೋದು ಮಗುವಿನ ಹಾಗೆ, ಪ್ರತೀ ಮೆಟ್ಟಿಲಿಗೂ ಎರಡೂ ಕಾಲಿಟ್ಟು. ತುಮಕೂರಿನ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ "ಇನ್ನೊಂದಷ್ಟು ವರ್ಷ ತಳ್ಳಿ, ಆಮೇಲೆ ಮಂಡಿ ಬದಲಾಯ್ಸೋಣ" ಅಂದಿದ್ದರು. ಇದರ ಜೊತೆ ಹತ್ತು ವರ್ಷದಿಂದ ಬಿಪಿ, ದಿನಾ ಬೆಳಿಗ್ಗೆ ಒಂದು ಮಾತ್ರೆ. ಎರಡು ತಿಂಗಳಿಗೆ ಅಂತ ಸೂಟ್‌ಕೇಸಿನ ತುಂಬ ಚಟ್ನಿಪುಡಿ, ಕೊಬ್ಬರಿ, ಅರವತ್ತು ಬಿಪಿ ಮಾತ್ರೆ ಹಿಡ್ಕೊಂಡು ಬಂದಳು.

ನಾನೇ ಕರ್ಕೊಂಡು ಹೋದೆ. ಬಾಗಿಲಲ್ಲೇ ಅಮ್ಮ ನಿಂತು ಗಾಳಿ ಮೂಸಿದಳು. "ಇದೇನೇ, ಮಾಚಿಪತ್ರೆ ಸುಟ್ಟಂಗಿದೆ ವಾಸನೆ?" ಸರಿಯಾಗೇ ಹಿಡಿದಿದ್ದಳು. ಚೀನೀಯರು ಬಿಂದುಗಳಿಗೆ ಕಾವು ಕೊಡೋಕೆ ಸುಡುವ ಸೊಪ್ಪು ನಮ್ಮ ಮಾಚಿಪತ್ರೆ, ದವನದ ಕುಲದ್ದೇ, ಆರ್ಟಿಮೀಸಿಯ. ಡಾಕ್ಟ್ರಮ್ಮ (ಅಮ್ಮ ಇಟ್ಟ ಹೆಸರು, ನನಗೂ ಅದೇ ಅಂಟಿಕೊಂಡಿತು) ಕೂರಿಸಿಕೊಂಡು ಪ್ರಶ್ನೆ ಶುರುಮಾಡಿದರು. ನಾನು ನಡುವೆ ದುಭಾಷಿ. ಒಂದೆರಡು ನಿಮಿಷದಲ್ಲೇ ಅನ್ನಿಸಿತು, ಇವರಿಬ್ಬರಿಗೂ ನನ್ನ ಅಗತ್ಯ ಅಷ್ಟೇನಿಲ್ಲ ಅಂತ. ಡಾಕ್ಟ್ರಮ್ಮ "ವಿಂಡ್, ಡ್ಯಾಂಪ್" ಅಂದರು. ಕೀಲುನೋವಿಗೆ ಚೀನಿಯಲ್ಲಿ 'ಫೆಂಗ್-ಶಿ' ಅಂತಲೇ ಹೆಸರು, ಗಾಳಿ ಮತ್ತು ತೇವ. ನಾನು "ವಾಯು ಅಂತೆ, ಶೀತ ಅಂತೆ" ಅಂದೆ. ಅಮ್ಮ "ಅದನ್ನೇ ಅಲ್ವಾ ನಮ್ಮತ್ತೆ ಸಾಯೋವರೆಗೂ ಬಡ್ಕೊಂಡಿದ್ದು" ಅಂದಳು. ಹಲಸಿನಹಣ್ಣು ಉಷ್ಣ ಅಂತ ಅಮ್ಮ, ಡುರಿಯನ್ ಉಷ್ಣ ಅಂತ ಅವರು. ಉಷ್ಣಕ್ಕೆ ಬಾರ್ಲಿ ನೀರು ಅನ್ನೋದರಲ್ಲಿ ಇಬ್ಬರದೂ ಒಮ್ಮತ. ಸೇವಂತಿಗೆ ಹೂವಿನ ಟೀ ಕೊಟ್ಟಾಗ ಮಾತ್ರ ಅಮ್ಮ ಲೋಟ ಹಿಡಿದು ನನ್ನ ಕಡೆ ತಿರುಗಿ, "ದೇವರಿಗೆ ಮುಡಿಸೋ ಹೂವ ಕುಡೀತಾರೇನೇ ಇವರು?" ಅಂದಳು. ಕುಡಿದಳು. ಎರಡನೇ ಲೋಟವನ್ನೂ ಕುಡಿದಳು.

ಸೂಜಿಯ ಜಾಗಗಳಿಗೆ ಹೆಸರಿದೆ. ಮಂಡಿಚಿಪ್ಪಿನ ಕೆಳಗೆ, ಹೊರಮಗ್ಗುಲಿಗೆ, ಕಾಲು ಮಡಿಸಿದಾಗ ಒಂದು ಗುಳಿ ಬೀಳುತ್ತಲ್ಲ, ಅದು 'ದುಬಿ'. ಕರುವಿನ ಮೂಗು ಅಂತ ಅರ್ಥ. ನಾನು ಹೇಳಿದ್ದೇ ತಡ, ಅಮ್ಮ ಬಗ್ಗಿ ತನ್ನ ಮಂಡಿಯನ್ನ ಹೊಸದಾಗಿ ನೋಡಿದಳು. ಹಸು ಕಟ್ಟಿದ ಮನೆಯಲ್ಲಿ ಬೆಳೆದವಳು. "ಹೌದಲ್ಲೇ! ಎರಡು ಹೊಳ್ಳೆ, ಮಧ್ಯ ಮೂಗು. ಸೇಮ್ ಕರುನೇ!" ಅಂತ ನಕ್ಕ ರಭಸಕ್ಕೆ ಡಾಕ್ಟ್ರಮ್ಮ ಸೂಜಿ ಹಿಡಿದ ಕೈ ಹಿಂದಕ್ಕೆಳೆದುಕೊಂಡರು. ಅದರಿಂದ ನಾಲ್ಕು ಬೆರಳು ಕೆಳಗೆ 'ಝುಸಾನ್‌ಲಿ', ಕಾಲಿನ ಮೂರು ಲಿ. ಲಿ ಅಂದ್ರೆ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್. ದಣಿದವರಿಗೆ ಅಲ್ಲಿ ಚುಚ್ಚಿದರೆ ಇನ್ನೂ ಮೂರು ಲಿ ನಡೀತಾರಂತೆ.

ವಾರಕ್ಕೆ ಎರಡು ಸಲ ಹೋದೆವು. ಮೂರನೇ ವಾರಕ್ಕೆ ಅಮ್ಮ ನಮ್ಮ ಬ್ಲಾಕಿನ ಮೆಟ್ಟಿಲನ್ನ ಒಂದೊಂದೇ ಕಾಲಿಟ್ಟು ಇಳಿದಳು. ನಾನು ಕೆಳಗೆ ನಿಂತು ನೋಡ್ತಿದ್ದೆ. ಜರ್ಮನಿಯ ಶೇ. 51 ನನಗೆ ಗೊತ್ತಿತ್ತು. ಹೇಳಲಿಲ್ಲ. ಯಾಕೆ ಹೇಳಬೇಕು? ನಂಬಿಕೆಯಿಂದಲೇ ಅರ್ಧ ಕೆಲಸ ಆಗ್ತಿದ್ದರೆ ಆ ನಂಬಿಕೆಗೆ ನಾನ್ಯಾಕೆ ಕೈಹಾಕಲಿ ಅಂತ ಲೆಕ್ಕ. ಬುದ್ಧಿವಂತ ಲೆಕ್ಕ ಅಂದುಕೊಂಡಿದ್ದೆ. ಅಮ್ಮ ಫೋನಿನಲ್ಲಿ ತಿಪಟೂರಿನ ಚಿಕ್ಕಮ್ಮನಿಗೆ "ಸೂಜಿಯಲ್ಲೇ ಎಲ್ಲ ವಾಸಿ ಮಾಡ್ತಾರೆ ಕಣೇ, ಒಂದು ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ" ಅನ್ನುವಾಗ ಪಕ್ಕದಲ್ಲೇ ಕೂತು ಮುಗುಳ್ನಗ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ನಾನು ಮೊದಲಿಂದ ಗಟ್ಟಿಯಾಗಿದ್ದೆ. ಬೇರು, ನಾರು, ಪುಡಿ ಬೇಡ. ಸೂಜಿ ಹೊರಗಿಂದ ಬಂದು ಹೊರಗೆ ಹೋಗುತ್ತೆ, ಔಷಧಿ ಹಾಗಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸೋ ಕ್ಲಿನಿಕ್ಕೊಂದರಲ್ಲಿ ಚೀನೀ ಬೇರು ಬೆರೆಸಿದ ಮಾತ್ರೆ ತಿಂದ ಹೆಂಗಸರ ಕಿಡ್ನಿ ಕೆಟ್ಟುಹೋಯಿತು, ನೂರಕ್ಕೂ ಹೆಚ್ಚು ಜನರದ್ದು. ಎಷ್ಟೋ ಜನಕ್ಕೆ ಆಮೇಲೆ ಮೂತ್ರನಾಳದ ಕ್ಯಾನ್ಸರ್. ಆಗಿದ್ದು ಹೆಸರಿನ ಗೊಂದಲ. 'ಫಾಂಗ್‌ಜಿ' ಅನ್ನೋ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳ ಬೇರು ಮಾರಾಟವಾಗುತ್ತೆ. ಒಂದರ ಬದಲು ಇನ್ನೊಂದು ಬಂತು. ಆ ಇನ್ನೊಂದು ಅರಿಸ್ಟೊಲೋಕಿಯ ಜಾತಿಯದ್ದು. ಓದ್ತಾ ಓದ್ತಾ ನನಗೆ ಬೆವರಿತು, ಯಾಕಂದ್ರೆ ನಮ್ಮಲ್ಲಿ ಹಾವು ಕಡಿತಕ್ಕೆ ಅಂತ ಹಳ್ಳಿ ಔಷಧಿಯಲ್ಲಿ ಬಳಸೋ ಈಶ್ವರಿ ಬೇರೂ ಅದೇ ಜಾತಿ, ಅದರಲ್ಲೂ ಅದೇ ವಿಷ. ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ ಅನ್ನೋರನ್ನ ಕಂಡರೆ ನನಗೆ ಈಗ ಮೈ ಉರಿಯುತ್ತೆ.

ಹಾಗಂತ ಹಳೇ ಪುಸ್ತಕವೆಲ್ಲ ಬೊಗಳೆ ಅಂತಲೂ ಅಲ್ಲ. ಮಲೇರಿಯಾಕ್ಕೆ ಇವತ್ತು ಜಗತ್ತೆಲ್ಲ ಬಳಸೋ ಆರ್ಟಿಮಿಸಿನಿನ್ ಸಿಕ್ಕಿದ್ದು ಅಂಥ ಪುಸ್ತಕದಿಂದಲೇ. ನಾಲ್ಕನೇ ಶತಮಾನದ ಗೆ ಹೊಂಗ್ ಅನ್ನುವವನು ಚಿಂಗ್‌ಹಾವ್ ಸೊಪ್ಪನ್ನ ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಅಂತ ಬರೆದಿದ್ದ. ಕುದಿಸು ಅಂದಿರಲಿಲ್ಲ. ತು ಯೂಯೂಗೆ ಹೊಳೆದದ್ದು ಅಲ್ಲೇ. ಕುದಿಸಿದರೆ ಸತ್ವ ಹೋಗ್ತಿದೆಯೇನೋ ಅಂತ ಈಥರ್ ಬಳಸಿ ಕಡಿಮೆ ಶಾಖದಲ್ಲಿ ಸಾರ ತೆಗೆದು ಪರೀಕ್ಷೆ ಮಾಡಿದರು. ರೋಗಿಗಳಿಗೆ ಕೊಡೋ ಮೊದಲು ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು. ಆ ಸೊಪ್ಪೂ ಆರ್ಟಿಮೀಸಿಯವೇ, ದವನದ ಇನ್ನೊಂದು ದಾಯಾದಿ.

ಡಾಕ್ಟ್ರಮ್ಮ ಕೂಡ ಔಷಧಿ ಬೇಡ ಅಂದರು, ನಾನು ಬಾಯಿ ಬಿಡೋ ಮೊದಲೇ. ಮೊದಲ ದಿನವೇ ಬಿಪಿ ಮಾತ್ರೆಯ ಹೆಸರು ಕೇಳಿ ಬರ್ಕೊಂಡಿದ್ದರು. ಅವರ ಕಷಾಯಗಳಲ್ಲಿ ಮುಕ್ಕಾಲುಪಾಲಿಗೆ ಬೀಳೋದು 'ಗಾನ್‌ತ್ಸಾವೋ', ಸಿಹಿ ಹುಲ್ಲು. ನಮ್ಮ ಜ್ಯೇಷ್ಠಮಧು ಅನ್ನಿ. ಜಾಸ್ತಿ ತಿಂದರೆ ಬಿಪಿ ಏರಿಸುತ್ತೆ. ಕೆಮ್ಮಿಗೆ ಅಂತ ಅದನ್ನ ದವಡೆಯಲ್ಲಿಟ್ಟುಕೊಂಡೇ ಚಳಿಗಾಲ ಕಳೆಯೋ ಅಮ್ಮನಿಗೆ ಇದನ್ನ ಹೇಳಿದೆ. "ಅದೇನು ಬಿಡು" ಅಂದಳು.

ಈಗ ನನ್ನ ಕಥೆಗೆ ಬರ್ತೀನಿ. ಐದನೇ ವಾರ, ಶನಿವಾರ. ಅಮ್ಮ ಬೆಳಿಗ್ಗೆಯಿಂದ ತಲೆ ಭಾರ ಅಂತಿದ್ದಳು. ಡಾಕ್ಟ್ರಮ್ಮ ನಾಡಿ ಹಿಡಿದವರು ಕೈ ಬಿಟ್ಟು, ಮೇಜಿನ ಕೆಳಗಿಂದ ಬಿಪಿ ಮಷೀನ್ ತೆಗೆದರು. 178/104. ಐದು ನಿಮಿಷ ಬಿಟ್ಟು ಮತ್ತೆ. 176/102. ಕನ್ನಡಕವನ್ನ ಹಣೆಯಿಂದ ಕಣ್ಣಿಗಿಳಿಸಿ ನನ್ನನ್ನ ಕೇಳಿದರು, "ಆಂಟಿ ಟೇಕಿಂಗ್ ಮೆಡಿಸಿನ್, ಯೆಸ್ ಆರ್ ನಾಟ್?"

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಸಹಜವಾಗಿ ಹೇಳಿದಳು, "ಇವರೇ ತಾನೆ ಬೇಡ ಅಂದಿದ್ದು?"

"ಯಾವಾಗ?"

"ಅವತ್ತೇ. ರಕ್ತ ಓಡಾಟ ಸರಿಹೋಗಿದೆ, ಇದನ್ನೇ ಮುಂದುವರಿಸ್ಬೇಕಂತೆ ಅಂತ ನೀನೇ ಹೇಳಿದ್ಯಲ್ಲೇ. ರಕ್ತ ಸರಿಹೋದ್ಮೇಲೆ ಬಿಪಿ ಮಾತ್ರೆ ಇನ್ಯಾಕೆ?"

ನೆನಪಾಯಿತು. ಎರಡನೇ ವಾರ. ಡಾಕ್ಟ್ರಮ್ಮ ಉದ್ದಕ್ಕೆ ಹೇಳಿದ್ದರು. ನಾಡಿ ಮೊದಲಿಗಿಂತ ಚೆನ್ನಾಗಿದೆ, ಕಾಲಿನಲ್ಲಿ ರಕ್ತ ಸಂಚಾರ ಸುಧಾರಿಸಿದೆ, ವಾಕಿಂಗ್ ಮುಂದುವರಿಸಿ, ಪ್ರೆಷರ್ ಮಾತ್ರೆನೂ ಮುಂದುವರಿಸಿ, ನಿಲ್ಲಿಸಬೇಡಿ. ನಾನು ಆಗ ಆಫೀಸಿನ ಮೆಸೇಜೊಂದಕ್ಕೆ ಉತ್ತರ ಟೈಪ್ ಮಾಡ್ತಾ, ತಲೆ ಎತ್ತದೆ, ಅಷ್ಟನ್ನೂ ಒಂದು ಸಾಲಿಗೆ ಇಳಿಸಿದ್ದೆ: ರಕ್ತ ಓಡಾಟ ಸರಿಹೋಗಿದೆಯಂತೆ, ಇದನ್ನೇ ಮುಂದುವರಿಸ್ಬೇಕಂತೆ. 'ಇದನ್ನೇ' ಅಂದ್ರೆ ಯಾವುದನ್ನ? ಸೂಜಿಯನ್ನ ಅಂತ ಅಮ್ಮ ಅಂದುಕೊಂಡಳು. ಅಂದುಕೊಳ್ಳದೆ ಇನ್ನೇನು? ಸೂಜಿಯಲ್ಲೇ ಎಲ್ಲ ವಾಸಿ ಅಂತ ಅವಳು ಊರಿಗೆಲ್ಲ ಹೇಳುವಾಗ ನಾನು ಪಕ್ಕದಲ್ಲಿ ಕೂತು ನಗ್ತಿದ್ದೆನಲ್ಲ.

ಡಾಕ್ಟ್ರಮ್ಮ ಸೂಜಿಯ ಪ್ಯಾಕೆಟ್ಟನ್ನ ಡ್ರಾಯರಿಗೆ ಹಾಕಿ ಮುಚ್ಚಿದರು. ಇವತ್ತು ಚುಚ್ಚಲ್ಲ, ಈಗಲೇ ಪಕ್ಕದ ಬ್ಲಾಕಿನ ಜಿಪಿ ಹತ್ತಿರ ಹೋಗಿ ಅಂದರು. ದುಡ್ಡು ತಗೊಳ್ಳಲಿಲ್ಲ. ಅಮ್ಮನ ಮುಂದೆ ನಿಂತು, ನನ್ನ ಸಹಾಯ ಬೇಡವೇ ಬೇಡ ಅನ್ನುವ ಹಾಗೆ, ಅವಳ ಮಂಡಿ ಮುಟ್ಟಿ "ದಿಸ್, ಮೈನ್" ಅಂದರು. ಎದೆ ತೋರಿಸಿ, "ದಿಸ್, ನಾಟ್ ಮೈನ್ ಲಾ. ಟ್ಯಾಬ್ಲೆಟ್. ಎವ್ರಿಡೇ." ಅಮ್ಮನಿಗೆ ಪೂರ್ತಿ ಅರ್ಥವಾಯಿತು. ಸ್ಕೂಲಲ್ಲಿ ಬೈಸಿಕೊಂಡ ಹುಡುಗಿ ಹಾಗೆ ತಲೆ ಆಡಿಸಿದಳು.

ಜಿಪಿ ಪರೀಕ್ಷೆ ಮಾಡಿ, ಇಸಿಜಿ ತೆಗೆದು, ಅದೇ ಮಾತ್ರೆಯನ್ನ ಮತ್ತೆ ಶುರುಮಾಡಿಸಿದರು. ಮೂರು ವಾರ ಮಾತ್ರೆ ಇಲ್ಲದೆ ಓಡಾಡಿದ್ದಳು. ಏನೂ ಆಗಲಿಲ್ಲ. ಆಗಬಹುದಿತ್ತು. ಮನೆಗೆ ಬಂದು ಸೂಟ್‌ಕೇಸಿನ ಮೂಲೆಯಲ್ಲಿದ್ದ ಸ್ಟ್ರಿಪ್ಪುಗಳನ್ನ ಎಣಿಸಿದೆ. ನಲವತ್ತೇಳು. ದಿನಾ ಎಂಟಕ್ಕೆ ಮನೆ ಬಿಟ್ಟು ಎಂಟಕ್ಕೆ ಮನೆ ಸೇರ್ತಿದ್ದ ನಾನು ಆ ಮೂಲೆಯನ್ನ ಒಂದು ಸಲವೂ ನೋಡಿರಲಿಲ್ಲ.

ಅವತ್ತು ರಾತ್ರಿ ಹೇಳಿದೆ. ಜರ್ಮನಿ, 1007 ಜನ, ಸುಳ್ಳು ಸೂಜಿ, ಎಲ್ಲ. ನಿನಗೆ ಕಡಿಮೆ ಆಗಿರೋದು ಬಿಂದುವಿನ ಮಹಿಮೆಯೋ, ಬರೀ ಚುಚ್ಚಿಸಿಕೊಂಡದ್ದಕ್ಕೋ, ದಿನಾ ಪಾರ್ಕಿನಲ್ಲಿ ನಡೆದದ್ದಕ್ಕೋ ಗೊತ್ತಿಲ್ಲ, ನನಗೆ ಇದು ಮೊದಲೇ ಗೊತ್ತಿತ್ತು, ನಿನಗೆ ಹೇಳಿರಲಿಲ್ಲ ಅಂತಲೂ ಹೇಳಿದೆ. ಬೇಜಾರು ಮಾಡ್ಕೋತಾಳೆ, ನೋವು ವಾಪಸ್ ಬರುತ್ತೆ ಅಂತ ಹೆದರಿದ್ದೆ.

ಅಮ್ಮ ಸೊಪ್ಪು ಬಿಡಿಸ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ಸುಳ್ಳು ಸೂಜಿ ಚುಚ್ಚಿದವರಿಗೂ ಕಮ್ಮಿ ಆಯ್ತಾ?" ಅಂದಳು.

"ಹೆಚ್ಚುಕಮ್ಮಿ ಅಷ್ಟೇ ಜನಕ್ಕೆ."

"ಸದ್ಯ. ಪಾಪ, ಅವರಿಗೂ ಕಾಲುನೋವು ತಾನೇ." ಮತ್ತೆ ನಾಲ್ಕು ದಂಟು ಬಿಡಿಸಿ, "ನಾಳಿದ್ದು ಮಂಗಳವಾರ ಹೋಗ್ಬೇಕು ಅಲ್ವಾ ಡಾಕ್ಟ್ರಮ್ಮನ ಹತ್ರ?"

"ಇಷ್ಟು ಹೇಳಿದ್ಮೇಲೂ ಹೋಗ್ತೀಯಾ?"

"ಚುಚ್ಚಿಸ್ಕೊಂಡಿದ್ದು ನಾನು, ಓದಿದ್ದು ನೀನು. ನಿಂಗೆ ಬೇಡಾಂದ್ರೆ ನೀನು ಬರ್ಬೇಡ. ಆದ್ರೆ ಬಂದ್ರೆ, ಅವರು ಏನು ಹೇಳ್ತಾರೋ ಪೂರ್ತಿ ಹೇಳು. ಅರ್ಧ ನುಂಗ್ಬೇಡ."

ಬಿಪಿ ಇಳಿದ ಮೇಲೆ ಮತ್ತೆ ಹೋದೆವು. ಆಮೇಲಿನ ಆರು ಭೇಟಿಯಲ್ಲಿ ನಾನು ಫೋನನ್ನ ಬ್ಯಾಗಿನಿಂದ ತೆಗೀಲಿಲ್ಲ. ಡಾಕ್ಟ್ರಮ್ಮ ಸೀನಿದರೂ ಅನುವಾದ ಮಾಡಿದೆ ಅನ್ನಬಹುದು. ಹೊರಡೋ ಮುಂಚಿನ ದಿನ ಅಮ್ಮ ಅವರಿಗೊಂದು ಡಬ್ಬಿ ಕೊಬ್ಬರಿಮಿಠಾಯಿ ಕೊಟ್ಟಳು. ಅವರು ಅಮ್ಮನ ಕೈ ಹಿಡಿದು ನಾಲ್ಕು ಬೆರಳನ್ನ ಮಂಡಿಯ ಕೆಳಗೆ ಅಡ್ಡ ಇಡಿಸಿ, ಝುಸಾನ್‌ಲಿಯನ್ನ ಹೆಬ್ಬೆರಳಿಂದ ಒತ್ತೋದು ಹೇಗೆ ಅಂತ ತೋರಿಸಿಕೊಟ್ಟರು. ದಿನಾ ಮೂರು ನಿಮಿಷ, ಊಟ ಆಗಿ ಒಂದು ಗಂಟೆ ಬಿಟ್ಟು.

ಊರಿಗೆ ಹೋದಮೇಲೆ ಅಲ್ಲೂ ಮುಂದುವರಿಸಬೇಕು ಅಂತ ಅಮ್ಮನ ಹಟ. ಭಾರತ ಸರ್ಕಾರ ಅಕ್ಯುಪಂಕ್ಚರನ್ನ ಪ್ರತ್ಯೇಕ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿದ್ದು 2019ರಲ್ಲಿ. ಬೋರ್ಡು ಹಾಕಿಕೊಂಡವರೆಲ್ಲ ಎಲ್ಲಿ ಕಲಿತರು ಅಂತ ಇಲ್ಲಿ ಕೂತು ಪತ್ತೆಹಚ್ಚೋದು ಸುಲಭವಲ್ಲ. ಒಬ್ಬರಿಗೆ ಫೋನ್ ಮಾಡಿದೆ. "ಬಿಪಿ, ಶುಗರ್ ಎಲ್ಲ ಮಾತ್ರೆ ನಿಲ್ಲಿಸ್ಬಿಡೋಣ ಮೇಡಂ, ಮೂರೇ ತಿಂಗಳು" ಅಂದರು. ಫೋನ್ ಇಟ್ಟೆ. ಈಗ ತುಮಕೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗ್ತಾಳೆ. ಅವರು ತೊಡೆಯ ಸ್ನಾಯು ಗಟ್ಟಿಮಾಡೋ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಸೂಜಿಯಷ್ಟು ಮಜಾ ಇಲ್ಲವಂತೆ.

ದಿನಾ ಬೆಳಿಗ್ಗೆ ನನಗೆ ಹತ್ತೂವರೆ ಆದಾಗ ಅಲ್ಲಿ ಎಂಟು. ವಿಡಿಯೋ ಕಾಲ್ ಬರುತ್ತೆ. ಅಮ್ಮ ಮೊದಲು ಬಾಯಿ ತೆರೆದು, ನಾಲಿಗೆ ಮೇಲಿರೋ ಮಾತ್ರೆ ತೋರಿಸ್ತಾಳೆ. ನೀರು ಕುಡೀತಾಳೆ. ಆಮೇಲೆ ಖಾಲಿ ನಾಲಿಗೆ ಚಾಚ್ತಾಳೆ, ಡಾಕ್ಟ್ರಮ್ಮನಿಗೆ ಚಾಚ್ತಿದ್ದ ಹಾಗೇ.

"ನುಂಗ್ದೆ. ನೋಡ್ಕೊಂಡ್ಯಾ? ಈಗ ನೀನು ಹೇಳು. ತಿಂಡಿ ಏನು ತಿಂದೆ?"

ನಾನು ಐಸ್ ಕಾಫಿ ಲೋಟವನ್ನ ಕ್ಯಾಮೆರಾದಿಂದ ಆಚೆಗೆ ಸರಿಸ್ತೀನಿ.